ಎಡತೊಡೆಗೆ ಕೊಟ್ಟ ಶಾಖ

ನೋವಿರುವುದು ಬಲಗಾಲಿಗೆ ಎಂದು ಗೋಲ್‌ಕೀಪರ್ ಹುಡುಗಿ ಬಾಯಿ ಬಿಡುವ ಹೊತ್ತಿಗೆ ಐಸಕ್ಕ ಅವಳ ಎಡಗಾಲಿಗೆ ಪಟ್ಟಿ ಸುತ್ತಿ ಮುಗಿಸಿ, ಕೊನೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಳು. “ಮೊದಲೇ ಹೇಳೋಕೇನಾಗಿತ್ತೇ ನಿನಗೆ?” ಎಂದಳು. “ನೀವು ಅಷ್ಟು ಚೆನ್ನಾಗಿ ಸುತ್ತುತಾ ಇದ್ರಿ, ಮಧ್ಯ ಬಾಯಿ ಹಾಕೋದು ಯಾಕೆ ಅಂತ ಸುಮ್ಮನಿದ್ದೆ ಅಕ್ಕ,” ಎಂದು ಹುಡುಗಿ ಕಿಸಕ್ಕನೆ ನಕ್ಕಳು. ನಗುವಂಥ ಮಾತೇ. ಬೇರೆ ದಿನವಾಗಿದ್ದರೆ ಐಸಕ್ಕನೂ ನಕ್ಕು, ಬೆನ್ನಿಗೊಂದು ಗುದ್ದು ಕೊಟ್ಟು, ಹೋಗೇ ಕತ್ತೆ ಅನ್ನುತ್ತಿದ್ದಳು. ಇವತ್ತು ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನುಮುಳ್ಳಿನಂತೆ ಒಳಗೂ ಹೋಗದೆ ಹೊರಗೂ ಬರದೆ ಕೂತಿತು. ತನ್ನೆದುರು ಮಲಗಿದ ಹುಡುಗಿಯರು ಬಾಯಿಗೆ ಬಂದದ್ದನ್ನು ನುಂಗಿ ಸುಮ್ಮನಿರುವುದು ಯಾವಾಗಿನಿಂದ ಅಭ್ಯಾಸವಾಯಿತು? ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಕಾಲು ಅವಳ ಕೈಯಲ್ಲಿ ಹಾದುಹೋಗಿವೆ. ಎಡಬಲ ತಪ್ಪಿದ್ದು ಇದೇ ಮೊದಲು. ಕತ್ತರಿ ತೆಗೆದುಕೊಂಡು ಪಟ್ಟಿ ಕತ್ತರಿಸಿದಳು. ಕೈ ನಡುಗುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ನಡುಗಬೇಕಾದ ಕೈ ಮೂರು ದಿನದಿಂದ ಒಂದಿಷ್ಟೂ ನಡುಗದೆ, ಏನೂ ಆಗಿಯೇ ಇಲ್ಲವೆಂಬಂತೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು.

ಕೋಣೆಯೆಂದರೆ ಮೈದಾನದ ಮೆಟ್ಟಿಲುಗಳ ಕೆಳಗಿನ ಇಳಿಜಾರು ಸೂರಿನ ಜಾಗ. ಒಂದು ಕಡೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ತಲೆ ತಗ್ಗಿಸಬೇಕು. ಎರಡು ಎತ್ತರದ ಮೇಜು, ಐಸ್ ಪೆಟ್ಟಿಗೆ, ಶಾಖದ ಚೀಲಗಳನ್ನು ಮುಳುಗಿಸಿಡುವ ಬಿಸಿನೀರಿನ ತೊಟ್ಟಿ, ಪಟ್ಟಿಗಳ ಸುರುಳಿ, ನೋವಿನೆಣ್ಣೆಯ ಖಾರ ವಾಸನೆ. ಕ್ರೀಡಾ ಹಾಸ್ಟೆಲಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಅವಳು ಟ್ರೈನರ್. ಆಟ ಕಲಿಸುವವಳಲ್ಲ, ಅದಕ್ಕೆ ಕೋಚ್ ಇದ್ದಾನೆ; ಆಡುವ ಮೈಯನ್ನು ನೋಡಿಕೊಳ್ಳುವವಳು. ಏನೇ ನೋವೆಂದರೂ “ಮೊದಲು ಐಸ್ ಇಡು” ಅನ್ನುತ್ತಾಳೆಂದು ಯಾವುದೋ ಕಾಲದ ಹುಡುಗಿಯರು ಇಟ್ಟ ಹೆಸರು ಐಸಕ್ಕ. ಹುಡುಗಿಯರು ಬಂದರು, ಹೋದರು, ಮದುವೆಯಾಗಿ ಮಕ್ಕಳನ್ನು ಹೆತ್ತರು. ಹೆಸರು ಮಾತ್ರ ಇಲ್ಲೇ ಉಳಿಯಿತು. ಮೂರು ದಿನದಿಂದ ಆ ಹೆಸರಿಗೊಂದು ಹೊಳಪು ಬಂದುಬಿಟ್ಟಿದೆ. ಗೇಟಿನ ಕಾವಲುಗಾರ ಎಂದೂ ಎದ್ದು ನಿಲ್ಲದವನು ಎದ್ದು ನಿಲ್ಲುತ್ತಾನೆ. ಹಾಸ್ಟೆಲಿನ ಮೇಲ್ವಿಚಾರಕಿ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ, “ನೀವೊಬ್ಬರು ಇಲ್ಲದೇ ಹೋಗಿದ್ರೆ ಆ ಮಗು ನಮ್ಮ ಕೈಗೆ ಸಿಕ್ತಿರಲಿಲ್ಲ ಬಿಡಿ,” ಎಂದು ಕಣ್ಣೊರೆಸಿಕೊಂಡಿದ್ದಾಳೆ. ಒಬ್ಬೊಬ್ಬರು ಹೊಗಳಿದಾಗಲೂ ಅವಳು “ಅಯ್ಯೋ, ನನ್ನದೇನಿದೆ” ಎನ್ನುತ್ತಾಳೆ. ಅದನ್ನವರು ವಿನಯ ಎಂದುಕೊಂಡು ಇನ್ನೊಂದು ಹಿಡಿ ಹೊಗಳುತ್ತಾರೆ.

ಮಗು ಅಂದರೆ ಮಿಡತೆ. ಹದಿನೇಳರ ಹುಡುಗಿ, ಎಡಬದಿಯ ಆಟಗಾರ್ತಿ. ಚೆಂಡಿನ ಹಿಂದೆ ಓಡುವುದಿಲ್ಲ, ಹಾರುತ್ತಾಳೆ. ಒಂಬತ್ತನೇ ವಯಸ್ಸಿನಿಂದ ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ. ಟೈಪ್ ಒನ್ ಡಯಾಬಿಟಿಸ್. ದಿನಕ್ಕೆ ನಾಲ್ಕು ಸಲ ಸೂಜಿ. ಉಂಡ ಅನ್ನಕ್ಕೆ ತಕ್ಕಷ್ಟು, ಆಡುವ ಆಟಕ್ಕೆ ತಕ್ಕಷ್ಟು. ಮೂರು ದಿನದ ಹಿಂದೆ ಪಂದ್ಯದ ಮೊದಲರ್ಧದಲ್ಲೇ ಮಿಡತೆ ವಿಚಿತ್ರವಾಗಿ ಆಡತೊಡಗಿದಳು. ತನ್ನ ಗೋಲಿನ ಕಡೆಗೇ ಚೆಂಡು ಒದ್ದಳು, ರೆಫರಿಯ ಜೊತೆ ಜಗಳ ತೆಗೆದಳು, ಸುಮ್ಮಸುಮ್ಮನೆ ನಕ್ಕಳು. ಮೆಟ್ಟಿಲ ಮೇಲಿದ್ದವರು ಕೊಬ್ಬು ನೋಡು ಎಂದರು. ಆಮೇಲೆ ಬುಡ ಕಡಿದ ಬಾಳೆಗಿಡದಂತೆ ಕುಸಿದಳು, ಕೈಕಾಲು ಅದುರತೊಡಗಿದವು. ಐಸಕ್ಕ ಓಡಿದಳು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದೆಂದು ಗೊತ್ತಿತ್ತು. ಗ್ಲೂಕೋಸ್ ನೀರು ಹಿಡಿದು ಬಂದವರನ್ನು ಹಿಂದಕ್ಕೆ ತಳ್ಳಿ, ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ಕೆಂಪು ಡಬ್ಬಿಯೊಳಗಿದ್ದ ಸಕ್ಕರೆ ಏರಿಸುವ ತುರ್ತು ಇಂಜೆಕ್ಷನ್ ಕಲಸಿ ಬಲತೊಡೆಗೆ ಕೊಟ್ಟಳು. ಹತ್ತು ನಿಮಿಷಕ್ಕೆ ಹುಡುಗಿ ಕಣ್ಣು ಬಿಟ್ಟಳು. ಮೆಟ್ಟಿಲುಗಳ ಮೇಲಿದ್ದ ಜನ ಎದ್ದು ಚಪ್ಪಾಳೆ ತಟ್ಟಿದರು.

ಚಪ್ಪಾಳೆಗಿಂತ ಮುಂಚೆಯೇ ಅವಳಿಗೆ ಗೊತ್ತಾಗಿತ್ತು. ಚಡ್ಡಿಯ ಅಂಚು ಸರಿಸುವಾಗ ಎಡತೊಡೆ ಕಂಡಿತು. ಶಾಖದ ಚೀಲ ಇಟ್ಟಷ್ಟಗಲಕ್ಕೂ ಚರ್ಮ ಇನ್ನೂ ಕೆಂಪಗಿತ್ತು, ಆ ಕೆಂಪಿನ ನಡುವೆ ಒಂದು ಚುಕ್ಕೆ. ಆ ಚುಕ್ಕೆಯನ್ನು ಅವಳು ಪಂದ್ಯಕ್ಕೆ ಮುಂಚೆ ಇದೇ ಮೇಜಿನ ಮೇಲೆ ನೋಡಿದ್ದಳು. ಆಗ ಅದರ ಮೇಲೆ ಸಾಸಿವೆ ಕಾಳಿನಷ್ಟು ರಕ್ತವಿತ್ತು. ಸೊಳ್ಳೆ ಕಚ್ಚಿದ್ದೆಂದು ಹೆಬ್ಬೆರಳಿನಿಂದ ಒರೆಸಿಹಾಕಿದ್ದಳು. ಅವತ್ತು ತಾನು ಬರುವ ಬಸ್ಸು ತಡವಾಗಿತ್ತು, ಸಾಲಿನಲ್ಲಿ ಇನ್ನೂ ಆರು ಜನ ನಿಂತಿದ್ದರು, ಹೊರಗೆ ಕೋಚ್ ಸೀಟಿ ಊದಿ ಊದಿ ಪ್ರಾಣ ತಿನ್ನುತ್ತಿದ್ದ. ತೊಡೆ ಹಿಡಿದಿದೆ ಅಂದಿದ್ದಳು ಮಿಡತೆ. ಐಸಕ್ಕ ಚೀಲವನ್ನು ತೊಟ್ಟಿಯಿಂದ ಎತ್ತಿ ಟವೆಲಿನಲ್ಲಿ ಸುತ್ತಿ ತಂದಾಗ ಅವಳು ಮೊಣಕೈ ಊರಿ ಎದ್ದು, “ಅಕ್ಕ, ಆ ಕಡೆ ಬೇಡ, ಅಲ್ಲಿ ನಾನು ಈಗ—” ಎಂದಳು. “ನೋವಿರೋ ಕಡೆ ತಾನೇ ಶಾಖ ಕೊಡೋದು? ನಿನ್ನ ಅಜ್ಜಿಗೆ ಕೆಮ್ಮು ಕಲಿಸಬೇಡ, ಸುಮ್ಮನೆ ಮಲಕ್ಕೋ,” ಎಂದಳು ಐಸಕ್ಕ. ಹುಡುಗಿ ಮಲಗಿದಳು. ಹದಿನೈದು ನಿಮಿಷ ಶಾಖ, ಆಮೇಲೆ ಎಣ್ಣೆ ಹಚ್ಚಿ ಐದು ನಿಮಿಷ ತಿಕ್ಕಾಟ. ಊಟಕ್ಕೆಂದು ಆಗಷ್ಟೇ ಚುಚ್ಚಿಕೊಂಡಿದ್ದ ಇನ್ಸುಲಿನ್ ನಿಧಾನವಾಗಿ, ಊಟದ ಜೊತೆಜೊತೆಗೆ ರಕ್ತಕ್ಕೆ ಇಳಿಯಬೇಕಾದದ್ದು, ಬಿಸಿಗೆ ಅಗಲವಾದ ರಕ್ತನಾಳಗಳಲ್ಲಿ ಒಂದೇ ಸಲಕ್ಕೆ ನುಗ್ಗಿಹೋಯಿತು. ಅದರ ಮೇಲೆ ಓಟ.

ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ಅವಳಿಗಿಲ್ಲ. ಎರಡು ತಿಂಗಳ ಹಿಂದೆ ಕಾಲೇಜಿನವಳೊಬ್ಬಳು ಬಂದು ಊರಿನ ಟ್ರೈನರುಗಳನ್ನೆಲ್ಲ ಒಂದೆಡೆ ಕೂರಿಸಿ, ಈ ಕಾಯಿಲೆಯ ಬಗ್ಗೆ ನಿಮಗೆಷ್ಟು ಗೊತ್ತು ಎಂದು ಪ್ರಶ್ನೆಪತ್ರಿಕೆ ಹಂಚಿದ್ದಳು. ಇಪ್ಪತ್ತು ಪ್ರಶ್ನೆ. ಹದಿನಾಲ್ಕನೆಯದು: ಇನ್ಸುಲಿನ್ ಚುಚ್ಚಿದ ಜಾಗಕ್ಕೆ ಆಟದ ಮುಂಚೆ ಶಾಖ ಕೊಡಬಹುದು, ಸರಿ, ತಪ್ಪು, ಗೊತ್ತಿಲ್ಲ. ಚಹಾ ಕುಡಿಯುತ್ತಲೇ ‘ತಪ್ಪು’ ಎಂಬುದಕ್ಕೆ ಗುರುತು ಹಾಕಿದ್ದಳು. ಪಕ್ಕದಲ್ಲಿ ಕುಸ್ತಿಯವರ ಟ್ರೈನರ್ ತಲೆ ಕೆರೆದುಕೊಳ್ಳುತ್ತ ಇವಳ ಹಾಳೆಯತ್ತ ಕತ್ತು ಚಾಚಿದಾಗ, ಪಾಪ ಎಂದು ಹಾಳೆಯನ್ನು ಅವನ ಕಡೆಗೆ ಒಂದಿಷ್ಟು ಸರಿಸಿಯೂ ಇದ್ದಳು. ಕೊನೆಗೆ, ಇಂಥ ಆಟಗಾರರನ್ನು ನೋಡಿಕೊಳ್ಳುವ ವಿಶ್ವಾಸ ನಿಮಗೆಷ್ಟಿದೆ ಎಂದು ಕೇಳಿದ್ದರು. ‘ಪೂರ್ತಿ.’ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ಕೋಚ್ ಆ ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿ, ಮಿಡತೆಯ ಅಮ್ಮನನ್ನು ಕರೆಸಿ ತೋರಿಸಿದ. ಮಗಳನ್ನು ಹಾಸ್ಟೆಲಿನಲ್ಲಿ ಬಿಡಲು ಒಂದು ವರ್ಷದಿಂದ ಹಿಂದೆಮುಂದೆ ನೋಡುತ್ತಿದ್ದ ಹೆಂಗಸು ಅದನ್ನೋದಿ ಒಪ್ಪಿದಳು. ಹಾಳೆಯ ಮೇಲೆ ಗೊತ್ತಿದ್ದದ್ದು ಕೈಗೆ ಯಾಕೆ ಗೊತ್ತಿರಲಿಲ್ಲ ಎಂಬುದನ್ನು ಐಸಕ್ಕ ಮೂರು ದಿನದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಾಳೆ. ಕೈ ಎನ್ನುವುದು ಸುಳ್ಳು, ಅಹಂಕಾರ ಎನ್ನುವುದೇ ನಿಜ. ಮಲಗಿದವಳು ಏನೋ ಹೇಳಲು ಎದ್ದಾಗ ಕೇಳಿಸಿಕೊಳ್ಳುವ ಪುರಸೊತ್ತು ತನಗಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಗಂಡನಿಗೆ ಹೇಳಿಬಿಡೋಣವೆಂದುಕೊಂಡಿದ್ದಳು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಶೂಗೆ ಪಾಲಿಶ್ ಹಚ್ಚುತ್ತ, ನಿನ್ನೆ ಒಬ್ಬಾಕೆ ಬ್ರೇಕೆಂದು ಆಕ್ಸಿಲರೇಟರ್ ಒತ್ತಿ ಹೂವಿನ ಕುಂಡದ ಸಾಲಿಗೇ ನುಗ್ಗಿದ್ದನ್ನು ಬಣ್ಣಿಸುತ್ತಿದ್ದ. “ನನ್ನ ಕಡೆಗೂ ಒಂದು ಬ್ರೇಕ್ ಇರೋದಕ್ಕೆ ಇಪ್ಪತ್ತು ವರ್ಷ ಬದುಕಿದೀನಿ ಮಾರಾಯ್ತಿ,” ಎಂದ. “ಇಲ್ಲದಿದ್ರೆ?” ಎಂದಳು ಐಸಕ್ಕ. “ಇಲ್ಲದಿದ್ರೆ ನೀನು ಇಷ್ಟು ಹೊತ್ತಿಗೆ ನನ್ನ ಫೋಟೋಗೆ ಹಾರ ಹಾಕಿರ್ತಿದ್ದೆ.” ಅವಳು ನಗಲಿಲ್ಲ. ಅವನು ತಲೆ ಎತ್ತಿ, “ಏನಾಗಿದೆ ನಿನಗೆ? ಊರೆಲ್ಲ ಹೊಗಳ್ತಿದೆ, ನೀನು ಹರಳೆಣ್ಣೆ ಕುಡಿದೋಳ ಹಾಗಿದೀಯ,” ಎಂದ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. “ತಲೆನೋವು,” ಎಂದು ಚಪ್ಪಲಿ ಮೆಟ್ಟಿ ಹೊರಟು ಬಂದಳು. ಬೀದಿಯಲ್ಲಿ ನಡೆಯುವಾಗ ಹಿಂದಿನಿಂದ ಯಾರು ಕರೆದರೂ ಬೆನ್ನು ಸೆಟೆಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನುವ ಮೊದಲೇ ಅವಳು ಹೆಗಲು ಮುಟ್ಟಿಕೊಂಡು ಓಡಾಡುತ್ತಿದ್ದಳು.

ಹನ್ನೊಂದು ಗಂಟೆಗೆ ಕೋಚ್ ಕಾಗದ ಹಿಡಿದು ಬಂದ. ಇಳಿಜಾರು ಸೂರಿಗೆ ತಲೆ ತಗುಲದಂತೆ ಬಗ್ಗಿ ನಿಂತು, ಕಾಗದವನ್ನು ಮೇಜಿನ ಮೇಲೆ ಹರಡಿದ. ರಾಜ್ಯ ತಂಡದ ಆಯ್ಕೆಗೆ ಇಲ್ಲಿಂದ ನಾಲ್ವರನ್ನು ಕಳಿಸಬೇಕಿತ್ತು. ಮಿಡತೆಯದು ಮೊದಲ ಹೆಸರಾಗಿತ್ತು. ಈಗ ಅದರ ಮೇಲೊಂದು ಗೆರೆ. ಕೆಳಗೆ ‘ಆಟಕ್ಕೆ ಯೋಗ್ಯಳಲ್ಲ’ ಎಂದೂ, ಕಾರಣವೆಂಬ ಕಡೆ ‘ಪಂದ್ಯದ ದಿನ ಊಟ ಮಾಡದೆ ಇನ್ಸುಲಿನ್ ತೆಗೆದುಕೊಂಡು ಸುಳ್ಳು ಹೇಳಿದ್ದು’ ಎಂದೂ ಅವನೇ ಬರೆದಿದ್ದ. ಅದರ ಕೆಳಗೆ ಟ್ರೈನರ್ ಸಹಿಗೆ ಜಾಗ.

“ಐದು ಗಂಟೆಯೊಳಗೆ ಕಳಿಸಬೇಕು ಐಸಕ್ಕ. ಒಂದು ಸಹಿ ಹಾಕಿಬಿಡಿ.”

“ಊಟ ಮಾಡಿದ್ದೆ ಅಂತ ಅವಳು ಹೇಳಿದಳಲ್ಲ.”

“ಮೊದಲ ದಿನ ಹೇಳಿದಳು. ಅವರಮ್ಮ ಬಂದು ಎರಡು ಬಿಟ್ಟ ಮೇಲೆ ಇಲ್ಲ ಅಂತ ಒಪ್ಪಿಕೊಂಡಳಲ್ಲ. ಚಿಕ್ಕವಳಿದ್ದಾಗಲೂ ಹೀಗೇ ಊಟ ಚೆಲ್ಲಿ ಸಿಕ್ಕಿಬಿದ್ದಿದ್ದಳಂತೆ.” ಕೋಚ್ ಕೆಟ್ಟವನಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಅವನೂ ನಿದ್ದೆ ಮಾಡಿರಲಿಲ್ಲ. “ನನಗೂ ಮಗಳಿದಾಳೆ ಅಕ್ಕ. ಊಟ ಮಾಡಿ, ಲೆಕ್ಕ ಹಾಕಿ ಚುಚ್ಚಿಕೊಂಡು, ಆಮೇಲೂ ಬಿದ್ದಿದ್ರೆ ಅದು ಕಾಯಿಲೆ ಅಂತ ನೋಡಬಹುದಿತ್ತು. ಸುಳ್ಳು ಹೇಳೋ ಹುಡುಗೀನ ಬೇರೆ ಊರಿಗೆ ಯಾವ ಧೈರ್ಯದ ಮೇಲೆ ಕಳಿಸಲಿ? ಅಲ್ಲಿ ನೀವಿರ್ತೀರಾ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಮಾತು ಅವಳ ತಲೆಯಲ್ಲಿ ಸುಮ್ಮನೆ ಹಾದುಹೋಯಿತು. ಎತ್ತು ಇಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದೆ, ಎಮ್ಮೆ ಅಲ್ಲೆಲ್ಲೋ ಹಾಸ್ಟೆಲಿನಲ್ಲಿ ಬರೆ ಹಾಕಿಸಿಕೊಂಡು ಕೂತಿದೆ. ಆ ಏಟುಗಳನ್ನು ಐಸಕ್ಕ ನೋಡಿದ್ದಳು. ಪಂದ್ಯದ ಮರುದಿನ ಮೈದಾನದ ಅಂಚಿನಲ್ಲಿ, ತಂಡ ಪೂರ್ತಿ ಸಾಲು ನಿಂತಿದ್ದಾಗ, ಅಮ್ಮ ಬಸ್ಸಿಳಿದು ನೆಟ್ಟಗೆ ಬಂದು ಮಗಳ ಕೆನ್ನೆಗೆ ಬಾರಿಸಿದ್ದಳು. ಎರಡನೆಯ ಏಟಿಗೆ ತನ್ನ ಕೈಯೇ ನೋಯಿತೇನೋ, ಮುಷ್ಟಿ ಕಟ್ಟಿಕೊಂಡು ಅಳತೊಡಗಿದ್ದಳು. ಬಂದು ಐಸಕ್ಕನ ಎರಡೂ ಕೈ ಹಿಡಿದು, “ನೀವು ಉಳಿಸಿಕೊಟ್ಟಿದ್ದು ಇದು. ನಾನು ಹೆತ್ತಿದ್ದು ಅಷ್ಟೇ,” ಎಂದಿದ್ದಳು. ಐಸಕ್ಕನ ಕೈಗಳು ಆ ಕೈಗಳೊಳಗೆ ಸುಮ್ಮನೆ ಕೂತಿದ್ದವು.

“ಇಟ್ಟಿರಿ, ನೋಡಿ ಹಾಕ್ತೀನಿ,” ಎಂದಳು ಕೋಚ್‌ಗೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅವನು ಕಾಗದ ಬಿಟ್ಟು ಹೋದ. ಐಸಕ್ಕ ಅದರ ಮೇಲೆ ಪಟ್ಟಿಯ ಸುರುಳಿಯೊಂದನ್ನಿಟ್ಟಳು, ಆಮೇಲೆ ಹತ್ತಿಯ ಕಟ್ಟನ್ನೂ ಇಟ್ಟಳು. ಈಗ ಹೇಳಿದರೆ ಏನಾಗುತ್ತದೆ ಎಂದು ನೂರನೆಯ ಸಲ ಲೆಕ್ಕ ಹಾಕಿದಳು. ಕೆಲಸ ಹೋಗಬಹುದು. ಹೋಗದೆಯೂ ಇರಬಹುದು, ಆಗ ಪ್ರತಿ ಹುಡುಗಿಯೂ ಈ ಮೇಜು ಹತ್ತುವ ಮುಂಚೆ ಒಂದು ಗಳಿಗೆ ತಡೆದು ತನ್ನ ಮುಖ ನೋಡುತ್ತಾಳೆ. ಅದು ಕೆಲಸ ಹೋಗುವುದಕ್ಕಿಂತ ಹೆಚ್ಚು ಎನ್ನಿಸಿತು. ಹುಡುಗಿಗೇನು, ಚಿಕ್ಕ ವಯಸ್ಸು, ಮುಂದಿನ ವರ್ಷ ಮತ್ತೆ ಆಯ್ಕೆ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ತಕ್ಷಣ ತನ್ನ ಮೇಲೇ ಹೇಸಿಗೆಯಾಯಿತು.

ಮಿಡತೆ ಬಂದದ್ದು ಎರಡು ಗಂಟೆಯ ಸುಮಾರಿಗೆ. ಕೈಯಲ್ಲಿ ನೀರಿನ ಬಾಟಲಿ. “ಪಾದ ಉಳುಕಿದ ಹಾಗಿದೆ ಅಕ್ಕ, ಒಂದು ಪಟ್ಟಿ ಹಾಕ್ತೀರಾ? ಸಾಯಂಕಾಲ ಅಭ್ಯಾಸಕ್ಕೆ ಇಳೀಬೇಕು,” ಎಂದಳು. ಹೆಸರಿನ ಮೇಲೆ ಗೆರೆ ಬಿದ್ದದ್ದು ಅವಳಿಗಿನ್ನೂ ತಿಳಿದಿಲ್ಲ. ಮೇಜು ಹತ್ತಿ ಕೂತು ಬಾಟಲಿಯ ನೀರನ್ನು ಗಟಗಟ ಕುಡಿದು ಖಾಲಿ ಮಾಡಿದಳು, ಇಳಿದು ಹೋಗಿ ನಲ್ಲಿಯಲ್ಲಿ ತುಂಬಿಸಿಕೊಂಡು ಬಂದು ಮತ್ತೆ ಅರ್ಧ ಕುಡಿದಳು. ಐಸಕ್ಕ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತತೊಡಗಿದಳು. ಚರ್ಮ ಒಣಗಿ ಬಿರುಸಾಗಿತ್ತು. “ಅಮ್ಮ ಮಾತಾಡಿದ್ರಾ?” ಎಂದು ಕೇಳಿದಳು, ಏನಾದರೂ ಕೇಳಬೇಕೆಂದು. “ಇಲ್ಲ. ಫೋನ್ ಮಾಡಿದ್ರೆ ಏನು ತಿಂದೆ, ಎಷ್ಟು ತಿಂದೆ ಅಂತ ಕೇಳಿ ಇಟ್ಬಿಡ್ತಾರೆ. ಮೇಲ್ವಿಚಾರಕೀನ ಕರೆದು ಹೌದಾ ಅಂತ ಮತ್ತೆ ಕೇಳ್ತಾರೆ.” ಹುಡುಗಿ ನಕ್ಕಳು, ನಗುವಾಗ ಬಗ್ಗಿದ್ದರಿಂದ ಅವಳ ಉಸಿರು ಐಸಕ್ಕನ ಮುಖಕ್ಕೆ ತಾಗಿತು. ಮುಚ್ಚಿದ ಬುಟ್ಟಿಯಲ್ಲಿ ಅತಿಯಾಗಿ ಕಳಿತ ಹಣ್ಣಿನ ವಾಸನೆ. ಐಸಕ್ಕನ ಕೈ ನಿಂತಿತು. ಅದು ಆ ಪ್ರಶ್ನೆಪತ್ರಿಕೆಯ ಹನ್ನೊಂದನೆಯ ಪ್ರಶ್ನೆಯಾಗಿತ್ತು.

“ಹೊಟ್ಟೆ ನೋವಿದೆಯಾ?”

“ಸ್ವಲ್ಪ. ಬೆಳಿಗ್ಗೆ ಒಂದ್ಸಲ ವಾಂತಿ ಆಯ್ತು. ಹೇಳಿದ್ರೆ ಮತ್ತೆ ಊಟ ಮಾಡಿಲ್ಲ ಅಂತಾರೆ ಅಂತ ಸುಮ್ಮನಿದ್ದೆ.”

“ಮೀಟರ್ ತೆಗಿ.”

ಹುಡುಗಿ ಚೀಲದಿಂದ ಮೀಟರ್ ತೆಗೆಯಲು ಬೇಕೆಂತಲೇ ತಡ ಮಾಡಿದಳು. ಬೆರಳು ಚುಚ್ಚಿ ಹನಿ ತಾಗಿಸಿದಾಗ ಸಕ್ಕರೆ ನಾನೂರ ಹನ್ನೆರಡು ತೋರಿಸಿತು. ಐಸಕ್ಕ ಕೆಂಪು ಡಬ್ಬಿಯಿಂದ ಮೂತ್ರ ಪರೀಕ್ಷೆಯ ಪಟ್ಟಿಯೊಂದನ್ನು ಕೊಟ್ಟು ಕಳಿಸಿದಳು. ವಾಪಸು ಬರುವಾಗ ಅದು ಕಡು ನೇರಳೆಯಾಗಿತ್ತು. ಮೈಯಲ್ಲಿ ಇನ್ಸುಲಿನ್ ಸಾಲದೆ ರಕ್ತ ಹುಳಿಯಾಗತೊಡಗಿದೆ ಎಂದರ್ಥ. ಹೀಗೇ ಬಿಟ್ಟರೆ ಸಂಜೆ ಮೈದಾನದಲ್ಲಿ ಅಲ್ಲದಿದ್ದರೆ ನಾಳೆ ಹಾಸಿಗೆಯಲ್ಲಿ.

“ಎಷ್ಟು ತಗೋತಿದೀಯ?” ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿದಳು. “ನಿನ್ನನ್ನೇ ಕೇಳ್ತಿರೋದು. ಇನ್ಸುಲಿನ್ ಎಷ್ಟು ತಗೋತಿದೀಯ?”

“ಅರ್ಧ,” ಎಂದಳು ಮಿಡತೆ ನೆಲ ನೋಡುತ್ತ. “ಮೂರು ದಿನದಿಂದ. ರಾತ್ರಿಯ ದೊಡ್ಡ ಡೋಸೂ ಅರ್ಧ, ಊಟದ್ದೂ ಅರ್ಧ. ಇವತ್ತು ಬೆಳಿಗ್ಗೆ ತಗೊಂಡಿಲ್ಲ. ಭಯ ಆಗುತ್ತೆ ಅಕ್ಕ. ಅವತ್ತು ಎಲ್ಲಾ ಸರಿಯಾಗೇ ಮಾಡಿದ್ದೆ ಅನ್ಸುತ್ತೆ ನನಗೆ. ಡಾಕ್ಟರ್ ಚುಚ್ಚಿ ಚುಚ್ಚಿ ಹೊಟ್ಟೆ ಗಂಟು ಕಟ್ಟಿದೆ, ಜಾಗ ಬದಲಾಯಿಸು ಅಂದಿದ್ರು ಅಂತ ಮೊದಲನೇ ಸಲ ತೊಡೆಗೆ ತಗೊಂಡೆ, ಅದೊಂದೇ. ಅಷ್ಟಕ್ಕೇ ಹಾಗಾಯ್ತು ಅಂದ್ರೆ ಮತ್ತೆ ಯಾವತ್ತು ಬೇಕಾದ್ರೂ ಆಗಬಹುದಲ್ವಾ?”

ಇದೇ ಆ ಗಳಿಗೆ. ಬಾಯಿ ತೆರೆದರೆ ಸಾಕಿತ್ತು. ನೀನಲ್ಲವೇ, ನಾನು ಎಂದರೆ ಸಾಕಿತ್ತು. ಐಸಕ್ಕನ ಬಾಯಿ ತೆರೆಯಿತು. “ಏಳು, ಆಸ್ಪತ್ರೆಗೆ ಹೋಗೋಣ,” ಎಂಬ ಮಾತು ಹೊರಗೆ ಬಂತು. ಸುತ್ತಿದ್ದ ಪಟ್ಟಿಯ ಕೊನೆ ಅಂಟಿಸದೆ ಹಾಗೇ ನೇತಾಡುತ್ತಿತ್ತು. ತಂಡದ ವ್ಯಾನಿನಲ್ಲಿ ಹುಡುಗಿ ಅವಳ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಉಸಿರು ಆಳವಾಗಿ, ಜೋರಾಗಿ ಬರುತ್ತಿತ್ತು, ಓಡಿ ಬಂದು ಕೂತವರ ಹಾಗೆ. ಐಸಕ್ಕ ಅವಳ ಅಮ್ಮನಿಗೆ ಫೋನ್ ಮಾಡಿದಳು. ಬೇಕರಿಯಲ್ಲಿ ಹಿಟ್ಟು ತೂಗುವ ಕೆಲಸ ಬಿಟ್ಟು ಈಗಲೇ ಹೊರಟೆ ಎಂದಳು ಅಮ್ಮ. ಆ ಹೆಂಗಸು ಎಂಟು ವರ್ಷದಿಂದ ಮಗಳ ಅನ್ನವನ್ನೂ ಅದೇ ತಕ್ಕಡಿಯಲ್ಲಿ ತೂಗಿ, ಡಬ್ಬಿಯ ಮುಚ್ಚಳದ ಮೇಲೆ ಗ್ರಾಂ ಬರೆದು, ಈಗ ಹಾಸ್ಟೆಲಿಗೂ ಕಳಿಸುತ್ತಾಳೆ. ಅವತ್ತಿನ ಡಬ್ಬಿ ಖಾಲಿಯಾಗಿಯೇ ವಾಪಸು ಹೋಗಿತ್ತು. ಖಾಲಿ ಡಬ್ಬಿಯನ್ನು ನೋಡಿಯೂ ಅಮ್ಮ ನಂಬಲಿಲ್ಲ, ಏಕೆಂದರೆ ಮೈದಾನದಲ್ಲಿ ಬಿದ್ದ ಮಗಳು ಅದಕ್ಕಿಂತ ದೊಡ್ಡ ಸಾಕ್ಷಿಯಾಗಿದ್ದಳು.

ಎರಡು ಬೀದಿ ಆಚೆಯ ಚಿಕ್ಕ ಆಸ್ಪತ್ರೆಯಲ್ಲಿ ಅವಳನ್ನು ತಕ್ಷಣ ಮಲಗಿಸಿ ಸಲೈನ್ ಹಾಕಿದರು, ಅದರ ಜೊತೆ ಇನ್ಸುಲಿನ್. ಸಮಯಕ್ಕೆ ಸರಿಯಾಗಿ ತಂದಿದೀರಿ, ಹೆದರುವಂಥದ್ದಿಲ್ಲ ಎಂದರು ಡಾಕ್ಟರು; ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮತ್ತೊಮ್ಮೆ ಹೊಗಳಿಕೆ. ಐಸಕ್ಕ ಗೋಡೆಗೆ ಒರಗಿ ನಿಂತಳು. ಅಷ್ಟರಲ್ಲಿ ಅಮ್ಮ ಬಂದಳು, ಮುಂಗೈ ಮೇಲಿನ ಹಿಟ್ಟನ್ನು ಸಹ ತೊಳೆದಿರಲಿಲ್ಲ. ಮಗಳ ಹಣೆ ಮುಟ್ಟಿದಳು, ಸಲೈನ್ ಬಾಟಲಿ ನೋಡಿದಳು. “ಇನ್ನೂ ಏನೇನು ಮಾಡಬೇಕೂಂತಿದೀಯೇ ನನಗೆ?” ಎಂದಳು ಮೆಲ್ಲಗೆ.

ಡಾಕ್ಟರು ಹಾಸಿಗೆಯ ಕಾಲಬುಡದಲ್ಲಿ ನಿಂತು ಬರೆಯುತ್ತಿದ್ದರು. “ಒಂದು ವಿಷಯ ನನಗೆ ಸರಿಯಾಗಿ ಹೇಳಿ. ಮುಂದಿನ ಪ್ರಮಾಣ ಅದರ ಮೇಲೆ ನಿಂತಿದೆ,” ಎಂದರು. “ಮೂರು ದಿನದ ಹಿಂದೆ ಇವಳು ಬಿದ್ದಾಗ ಊಟ ಮಾಡಿದ್ದಳಾ ಇಲ್ವಾ? ಮಾಡಿಯೂ ಅಷ್ಟು ಕೆಳಗಿಳಿದಿದ್ರೆ ನಾನು ಇನ್ಸುಲಿನ್ ಕಡಿಮೆ ಮಾಡಬೇಕು. ಮಾಡಿರದಿದ್ರೆ ಹಳೆಯ ಪ್ರಮಾಣವೇ ಇರಲಿ. ಯಾವುದು ನಿಜ?”

“ಮಾಡಿರಲಿಲ್ಲ,” ಎಂದಳು ಅಮ್ಮ.

“ಅವಳನ್ನ ಕೇಳ್ತಿದೀನಿ.”

ಮಿಡತೆ ಅಮ್ಮನ ಮುಖ ನೋಡಿದಳು, ಡಾಕ್ಟರ ಪೆನ್ನು ನೋಡಿದಳು. ತುಂಬ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸುತ್ತಿದ್ದಳು, ಹಣೆಯಲ್ಲಿ ಗೆರೆ ಮೂಡಿತ್ತು. “ನನಗೆ ಗೊತ್ತಿಲ್ಲ,” ಎಂದಳು. “ಮಾಡಿದ ಹಾಗೆ ನೆನಪು. ಆದ್ರೆ ಎಲ್ರೂ ಇಲ್ಲ ಅಂತಾರಲ್ಲ. ಬಿದ್ದಾಗ ತಲೆ ಕೆಟ್ಟಿತ್ತು, ಹಿಂದಿನ ದಿನದ ಊಟ ನೆನಪಾಗ್ತಿದೆಯೇನೋ.”

ಐಸಕ್ಕ ಕೆಲಸ, ಹೆಸರು, ಕಾವಲುಗಾರ ಎದ್ದು ನಿಲ್ಲುವುದು ಎಲ್ಲವನ್ನೂ ತೂಗಿ ನೋಡಿದ್ದಳು. ಹುಡುಗಿಯ ಬಾಯಿಯೊಳಗಿನ ತುತ್ತನ್ನೇ ತಾನು ಕದ್ದಿದ್ದೇನೆಂದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. “ಮಾಡಿದ್ದಳು,” ಎಂದಳು. ಮೂವರೂ ತಿರುಗಿ ನೋಡಿದರು. “ಊಟ ಮಾಡಿದ್ದಳು, ಸರಿಯಾಗಿ ಚುಚ್ಚಿಕೊಂಡಿದ್ದಳು. ಎಡತೊಡೆಗೆ. ಅದೇ ಜಾಗಕ್ಕೆ ನಾನು ಶಾಖ ಕೊಟ್ಟೆ. ಹದಿನೈದು ನಿಮಿಷ. ಆಮೇಲೆ ತಿಕ್ಕಿದೆ.” ಡಾಕ್ಟರ ಪೆನ್ನು ನಿಂತಿತು. “ಬೇಡ ಅಂತ ಹೇಳೋಕೆ ಬಂದಳು. ನಾನು ಬಾಯಿ ಮುಚ್ಚಿಸಿದೆ. ಚುಚ್ಚಿದ ಗುರುತೂ ನೋಡಿದ್ದೆ. ಶಾಖ ಕೊಡಬಾರದು ಅಂತ ನನಗೆ ಗೊತ್ತಿತ್ತು.” ಇಷ್ಟು ಹೇಳಿ ಮುಗಿದರೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಏನೂ ಹಗುರಾಗಲಿಲ್ಲ.

“ಹಾಗಾದ್ರೆ ಪ್ರಮಾಣ ಬದಲಾಯಿಸೋ ಹಾಗಿಲ್ಲ,” ಎಂದು ಡಾಕ್ಟರು ಬರೆದುದನ್ನು ಹೊಡೆದು ಹಾಕಿ, ಪಕ್ಕದ ಹಾಸಿಗೆಗೆ ಹೋದರು. ಮಿಡತೆ ಮೇಲೆ ನೋಡುತ್ತ ಮಲಗಿದ್ದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. “ಪೂರ್ತಿ ಊಟ ಮಾಡಿದ್ದೆ ಅಮ್ಮ,” ಎಂದಳು. “ಮೊಟ್ಟೆ ಇತ್ತು ಅದರಲ್ಲಿ. ಉಪ್ಪು ಜಾಸ್ತಿ ಆಗಿತ್ತು.”

ಅಮ್ಮ ಹಿಟ್ಟು ಮೆತ್ತಿದ ತನ್ನ ಬಲಗೈಯನ್ನು ಒಮ್ಮೆ ನೋಡಿ ಸೆರಗಿನ ಕೆಳಗೆ ಇಟ್ಟುಕೊಂಡಳು. ಐಸಕ್ಕ ಕಾದಳು. ಬೈಯಲಿ, ಕೆನ್ನೆಗೆ ಬಾರಿಸಲಿ, ಎರಡೂ ಆದರೆ ಒಳ್ಳೆಯದು ಎಂದುಕೊಂಡಳು. ತಾನೇ ಒಂದು ಹೆಜ್ಜೆ ಮುಂದೆ ಹೋಗಿ, “ನನ್ನಿಂದ ತಪ್ಪಾಯ್ತು,” ಎಂದಳು.

“ಮೂರು ದಿನ,” ಎಂದಳು ಅಮ್ಮ. ದನಿ ಏರಲಿಲ್ಲ. “ನಿಮ್ಮ ಕೈ ಹಿಡಕೊಂಡು ನಿಂತಿದ್ನಲ್ಲ ನಾನು, ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ನ ಹತ್ರ ತಪ್ಪಾಯ್ತು ಅನ್ನಬೇಡಿ. ಈ ಗೋಡೆ ಮೂಲೇಲಿ ನಿಂತು ಅಂದ್ರೆ ಯಾರಿಗೆ ಕೇಳುತ್ತೆ? ನಾನು ನನ್ನ ಮಗಳಿಗೆ ಹೊಡೆದಿದ್ದು ಅವಳ ತಂಡದವರೆಲ್ಲರ ಎದುರಿಗೆ. ನೀವೂ ಅಲ್ಲೇ ಹೋಗಿ ಹೇಳಿ. ನಾನೂ ಬಂದು ಹೇಳ್ತೀನಿ, ಇವಳು ಏಳಲಿ.”

ಐಸಕ್ಕ ಹುಡುಗಿಯ ಕಡೆ ನೋಡಿದಳು. ಪರವಾಗಿಲ್ಲ ಅಕ್ಕ ಎಂದಾಳೆಂದು, ಛೇ, ಇನ್ನೂ ಒಂದು ಆಸೆ ಎಲ್ಲೋ ಉಳಿದಿತ್ತು. ಮಿಡತೆ ಗೋಡೆಯ ಗಡಿಯಾರ ನೋಡಿ, “ನಾಲ್ಕಕ್ಕೆ ಎಲ್ರೂ ಇರ್ತಾರೆ. ಹೋಗಿ,” ಎಂದು ಮಗ್ಗುಲಿಗೆ ಹೊರಳಿದಳು.

ಬೀದಿಯಲ್ಲಿ ಬಿಸಿಲಿನ್ನೂ ಇಳಿದಿರಲಿಲ್ಲ. ವ್ಯಾನು ಹಾಸ್ಟೆಲಿಗೆ ವಾಪಸಾಗಿತ್ತು, ನಡೆದೇ ಹೋದಳು. ಕಾವಲುಗಾರ ಎದ್ದು ನಿಂತ, ಮಗು ಹೇಗಿದೆ ಎಂದು ಕೇಳಿದ. ಚೆನ್ನಾಗಿದಾಳೆ ಎಂದಳು. ಕೋಣೆಗೆ ಹೋಗಿ ಹತ್ತಿಯ ಕಟ್ಟು, ಪಟ್ಟಿಯ ಸುರುಳಿ ಸರಿಸಿ ಕಾಗದ ತೆಗೆದುಕೊಂಡು, ‘ಆಟಕ್ಕೆ ಯೋಗ್ಯಳಲ್ಲ’ ಎಂಬುದನ್ನೂ ಕಾರಣವೆಂಬ ಕಡೆ ಕೋಚ್ ಬರೆದದ್ದನ್ನೂ ಹೊಡೆದುಹಾಕಿದಳು. ಹೊಸದನ್ನು ಬರೆಯಲು ಆ ಜಾಗ ಸಾಲದೆ ಅಂಚಿನಲ್ಲೂ, ಹಿಂಬದಿಯಲ್ಲೂ ಬರೆದು ಸಹಿ ಹಾಕಿದಳು. ಮೈದಾನದಲ್ಲಿ ಹುಡುಗಿಯರು ಎರಡು ಸಾಲಾಗಿ ನಿಂತು ಮೈ ಸಡಿಲಿಸುತ್ತಿದ್ದರು. ಕೋಚ್ ಕಾಗದ ಓದುತ್ತ ಹೋದಂತೆ ಬಾಯಿಯ ಸೀಟಿ ಜಾರಿ ಎದೆಯ ಮೇಲೆ ಬಿತ್ತು. “ಇದನ್ನ ಆಫೀಸಲ್ಲಿ ಮಾತಾಡೋಣ ಐಸಕ್ಕ. ಹುಡುಗೀರ ಮುಂದೆ ಯಾಕೆ?” ಎಂದ, ಅವಳ ಮಾನ ಕಾಯುವ ದನಿಯಲ್ಲಿ. ಆ ಒಂದು ಮಾತಿಗೆ ಅವಳ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ತಿರುಗಿದ್ದೂ ನಿಜ. ಆಮೇಲೆ ಅವನನ್ನು ದಾಟಿ ಸಾಲುಗಳ ಎದುರಿಗೆ ಬಂದು ನಿಂತಳು. ಇವರ ಪ್ರತಿಯೊಬ್ಬರ ಮೊಣಕಾಲು, ಹರಡು, ಬೆನ್ನು ಅವಳಿಗೆ ಗೊತ್ತು. ಮುಖಗಳನ್ನು ಹೀಗೆ ಒಟ್ಟಿಗೆ ನೋಡಿದ್ದು ಕಡಿಮೆ. ಯಾರೋ ಮಿಡತೆ ಹೇಗಿದ್ದಾಳೆಂದು ಕೇಳಿದರು.

“ಅವಳು ಅವತ್ತು ಊಟ ಮಾಡಿದ್ದಳು,” ಎಂದಳು ಐಸಕ್ಕ. “ಅವಳು ಸುಳ್ಳು ಹೇಳಿರಲಿಲ್ಲ. ಬಿದ್ದಿದ್ದು ನನ್ನಿಂದ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇಲ್ಲಿಗೆ ಕೇಳಿಸ್ತಿಲ್ಲ ಅಕ್ಕ,” ಎಂದಳು ಹಿಂದಿನ ಸಾಲಿನಲ್ಲಿದ್ದ ಚಿಕ್ಕ ಹುಡುಗಿಯೊಬ್ಬಳು, ಕೈಯನ್ನು ಕಿವಿಗೆ ಆನಿಸಿಕೊಂಡು. “ಸ್ವಲ್ಪ ಜೋರಾಗಿ ಹೇಳ್ತೀರಾ?”

ಐಸಕ್ಕ ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಹೇಳತೊಡಗಿದಳು.